ತೌಡಿಗೆ ಮಾರಿದ ಮಗು

ಅವಳು ಆ ಮಾತನ್ನು ತಾನಾಗಿಯೇ ಹೇಳಿದಳೋ, ನಾನು ಕೆದಕಿ ಹೇಳಿಸಿದೆನೋ, ಈಗ ನನಗೆ ಖಾತ್ರಿಯಿಲ್ಲ. ನೆನಪಿನಲ್ಲಿ ಅವಳು ನಗುತ್ತಲೇ ಹೇಳುತ್ತಾಳೆ. ಆದರೆ ಆ ನಗು ಆವತ್ತಿನದೋ, ಬೇರೊಂದು ದಿನದ್ದೋ, ಅಥವಾ ನನ್ನ ಹೊರೆ ಹಗುರಾಗಲೆಂದು ನಾನೇ ಆಮೇಲೆ ತಂದು ಅಂಟಿಸಿದ್ದೋ ತಿಳಿಯದು. ಮರದ ವಿಷಯವೂ ಹಾಗೆಯೇ. ಬೇವಿನ ಮರದ ಕೆಳಗೆ ಕೂತಿದ್ದೆವು ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ. ಎರಡು ವರ್ಷ ಬಿಟ್ಟು ಅದೇ ಜಾಗಕ್ಕೆ ಹೋದಾಗ ಅಲ್ಲಿದ್ದದ್ದು ಹುಣಸೆ, ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪದ್ದು. ಎರಡು ವರ್ಷದಲ್ಲಿ ಹುಣಸೆ ಅಷ್ಟು ಬೆಳೆಯುವುದಿಲ್ಲ.

ಖಾತ್ರಿಯಿರುವುದು ಇಷ್ಟು: ನಾನು ಬರೆದ ಒಂದು ಕಥೆಯಿಂದಾಗಿ ನಾಲ್ಕು ವರ್ಷದ ಹುಡುಗಿಯೊಬ್ಬಳು ತಾಯಿಯ ಕೈತಪ್ಪಿ ಹೋಗುವುದರಲ್ಲಿದ್ದಳು.

ಆಗ ನಾನು ಚಳ್ಳಕೆರೆಯಲ್ಲಿದ್ದೆ. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿ, ಸಂಶೋಧನೆಗೆ ಸೇರಿ, ಅದನ್ನು ಅರ್ಧಕ್ಕೆ ಬಿಟ್ಟು, ಆಮೇಲೆ ಎರಡು ಕೆಲಸ ಹಿಡಿದು ಅವನ್ನೂ ಬಿಟ್ಟು, ಮೂರನೆಯದಾಗಿ ಇಲ್ಲಿಗೆ ಬಂದಿದ್ದೆ. ಮಕ್ಕಳು ಮತ್ತು ಕುಟುಂಬಗಳ ಪರವಾಗಿ ಮಾತಾಡುವ ಒಂದು ಸಂಸ್ಥೆ. ಅದಕ್ಕೆ ಹಲವು ದೇಶಗಳಲ್ಲಿ ಕಚೇರಿಗಳಿದ್ದವು. ನಮ್ಮದು ಎಣ್ಣೆ ಮಿಲ್ಲುಗಳ ಹತ್ತಿರ ಮಹಡಿಯ ಮೇಲಿನ ಎರಡು ಕೋಣೆ. ಬೆಳಿಗ್ಗೆ ಕಿಟಕಿ ತೆಗೆದರೆ ಶೇಂಗಾ ಹಿಂಡಿಯ ವಾಸನೆ ಒಳಗೆ ಬಂದು ನಮಗಿಂತ ಮೊದಲು ಕುರ್ಚಿಯ ಮೇಲೆ ಕೂರುತ್ತಿತ್ತು. ಸಂಸ್ಥೆಯ ನಂಬಿಕೆ ಸರಳವಾಗಿತ್ತು. ಅಂಕಿಅಂಶ ನೋಡಿ ಯಾರೂ ಮನಸ್ಸು ಬದಲಿಸುವುದಿಲ್ಲ, ಒಬ್ಬ ತಾಯಿಯ ಕಥೆ ಕೇಳಿದರೆ ಬದಲಿಸುತ್ತಾರೆ. ನಾನು ಹಳ್ಳಿಗಳಿಗೆ ಹೋಗಿ ಆ ಕಥೆ ಕೇಳಿ ಕನ್ನಡದಲ್ಲಿ ಬರೆಯುತ್ತಿದ್ದೆ. ಅದು ಬೆಂಗಳೂರಿನಲ್ಲಿ ಇಂಗ್ಲಿಷಾಗಿ, ಅಲ್ಲಿಂದ ನಾನು ಕಾಣದ ಊರುಗಳ ಜನರ ಫೋನುಗಳಿಗೆ ಹೋಗುತ್ತಿತ್ತು. ಅವರು ಓದಿ ತಮ್ಮ ತಮ್ಮ ಸರ್ಕಾರಗಳಿಗೆ ಪತ್ರ ಬರೆಯುತ್ತಾರೆ, ಎಲ್ಲೋ ಒಂದು ಆಸ್ಪತ್ರೆ, ಎಲ್ಲೋ ಒಂದು ಶಾಲೆ ಉಳಿಯುತ್ತದೆ ಎಂದು ನಮಗೆ ಹೇಳಿದ್ದರು. ನಾನು ಪೂರ್ತಿ ನಂಬಿರಲಿಲ್ಲ. ನಂಬದೆಯೂ ಚೆನ್ನಾಗಿ ಬರೆಯುತ್ತಿದ್ದೆ.

ಅಲ್ಲಿಂದಲೂ ಕಥೆಗಳು ಬರುತ್ತಿದ್ದವು. ಬೇರೆ ದೇಶದ ತಾಯಂದಿರ ಕಥೆಗಳನ್ನು ನಾನು ಕನ್ನಡಕ್ಕೆ ತಂದು ಹಳ್ಳಿಯ ಹೆಂಗಸರಿಗೆ ಓದಿ ಹೇಳಬೇಕು, ಆಮೇಲೆ ಅವರ ಕಥೆ ಕೇಳಬೇಕು. ಬರೀ ಕೈಯಲ್ಲಿ ಹೋಗಿ ಯಾರನ್ನೂ ಕೇಳಬಾರದು ಎಂಬುದು ಸಂಸ್ಥೆಯ ಒಳ್ಳೆಯ ನಿಯಮಗಳಲ್ಲಿ ಒಂದು.

ಬಿ.ಜಿ. ಕೆರೆ ದಾಟಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಸಣ್ಣ ಊರು. ಅಲ್ಲಿ ನರ್ಸಮ್ಮನ ಕ್ವಾರ್ಟರ್ಸ್ ಇತ್ತು, ನರ್ಸಮ್ಮ ಇರಲಿಲ್ಲ. ಹೆರಿಗೆ ನೋವು ಬಂದರೆ ಆಟೊ ಹುಡುಕಿಕೊಂಡು ಮೊಳಕಾಲ್ಮುರಿಗೆ ಓಡಬೇಕು. ಊರಿಗೊಬ್ಬ ನರ್ಸು ಬರಬೇಕೆಂದು ಹೆಂಗಸರು ಅರ್ಜಿ ಕೊಟ್ಟು ಸುಸ್ತಾಗಿದ್ದರು. ಅವರ ಕಥೆ ಬರೆಯಲು ನಾನು ಹೋದೆ. ಮಧ್ಯಾಹ್ನ, ಶೇಂಗಾ ಸುಲಿಯುತ್ತಾ ಏಳೆಂಟು ಜನ ಕೂತಿದ್ದರು. ಮರ ಯಾವುದೋ ಇರಲಿ, ನೆರಳಿತ್ತು.

"ಮದುವೆ ಆಗೈತೇನಪ್ಪಾ ನಿನಗೆ?" ಎಂದಳು ಒಬ್ಬಳು.

"ಇಲ್ಲಮ್ಮ."

"ನೋಡ್ರವ್ವಾ, ಹೆರೋದರ ಕಥೆ ಕೇಳಾಕೆ ಎಂಥೋನ್ನ ಕಳಿಸ್ಯಾರೆ."

ನಕ್ಕು ಮುಗಿದ ಮೇಲೆ ನಾನು ಓದಿದೆ. ದೂರದ ಬೆಟ್ಟದ ನಾಡಿನ ಒಬ್ಬ ತಾಯಿಯದು. ಹಿಂದಿನ ಕೂಸು ಉಳಿಯದೆ ಹೋದದ್ದರಿಂದ, ಹೊಸ ಕೂಸನ್ನು ಅವಳು ಒಂದು ವರ್ಷ ಹೆಸರಿಟ್ಟು ಕರೆಯಲಿಲ್ಲ. ಬರೀ 'ನೆಂಟ' ಎಂದಳು. ನೆಂಟ ಉಂಡ, ನೆಂಟ ಮಲಗಿದ. ಇರುತ್ತೇನೆಂದು ಅವನೇ ನಿರ್ಧರಿಸಲಿ ಎಂದು.

"ಆ ದೇಶದಾಗೆ ನರ್ಸಮ್ಮ ಬರ್ತಾಳಂತಾ?" ಒಬ್ಬಳು ಕೇಳಿದಳು.

"ಅಲ್ಲೂ ಇಲ್ಲವಂತೆ."

"ಮತ್ತೆ ಅವರು ನಮಗೇನ್ ಕೊಡಿಸ್ತಾರೆ, ಬಿಡು."

ಆಗ ಅವಳು ಮಾತಾಡಿದಳು. ಮೂವತ್ತರೊಳಗಿನ ಹೆಂಗಸು, ಕೂಲಿಗೆ ಹೋಗುವವಳು. ಅಲ್ಲಿಯವರೆಗೆ ತಲೆ ಎತ್ತದೆ ಸುಲಿಯುತ್ತಿದ್ದಳು. "ನಾವು ಮಾರಿದ್ವಿ ಸಾರ್," ಎಂದಳು. "ಮೂರು ಹಿಡಿ ತೌಡಿಗೆ."

ಪಕ್ಕದಲ್ಲಿದ್ದ ಮುದುಕಿ ಎದೆ ತಟ್ಟಿಕೊಂಡಳು. "ಕೊಂಡೋಳು ನಾನೇ. ನಾ ಬಿಡ್ಡ ಅದು." ಮುದುಕಿಯ ತವರು ಆಂಧ್ರದ ಗಡಿಯಾಚೆ, ಅವಳಿಗೆ ಮಗು ಯಾವಾಗಲೂ 'ಬಿಡ್ಡ'.

ಆ ಪದ್ಧತಿ ನನಗೆ ಹೊಸದೇನಲ್ಲ. ಈ ಭಾಗದಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತು. ಹಿಂದಿನ ಕೂಸುಗಳು ಉಳಿಯದ ಮನೆಯಲ್ಲಿ, ಹೊಸದಾಗಿ ಹುಟ್ಟಿದ್ದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಡುತ್ತಾರೆ. ಬೇರೆ ಮನೆಯ ಹೆಂಗಸು ಬಂದು, ಈ ಕಸ ಯಾರದ್ದು, ನನಗೆ ಕೊಡ್ತೀರಾ ಎಂದು ಕೇಳಿ, ತೌಡು ಕೊಟ್ಟು ಕೊಳ್ಳುತ್ತಾಳೆ. ನನ್ನ ಮಗು, ನೀನು ಸಾಕಿಕೊಡು ಎಂದು ಹೆತ್ತವಳ ಕೈಗೇ ಕೊಟ್ಟು ಹೋಗುತ್ತಾಳೆ. ಹೆತ್ತವಳು ಅಂದಿನಿಂದ ಪರರ ಮಗುವನ್ನು ಸಾಕುತ್ತಿರುವವಳು. ಹುಡುಕಿಕೊಂಡು ಬಂದ ಸಾವು ಆ ಮನೆಯಲ್ಲಿ ಮಗುವಿಲ್ಲವೆಂದು ಹೊರಟುಹೋಗಬೇಕು. ಮಗುವಿಗೆ ಇಡುವ ಹೆಸರೂ ತಿಪ್ಪೆಯದೇ.

ಮಾರಿದ ಆ ಹುಡುಗಿ ಅಲ್ಲೇ ಇದ್ದಳು. ಶೇಂಗಾ ಸಿಪ್ಪೆಯ ರಾಶಿಯ ಮೇಲೆ ಕೂತು ಸಿಪ್ಪೆಗಳನ್ನು ಎರಡು ಕಿವಿಗೂ ಓಲೆಯಂತೆ ಕಚ್ಚಿಸಿಕೊಂಡಿದ್ದಳು. ಹೆತ್ತವಳನ್ನು ಅಕ್ಕಾ ಎಂದೂ ಮುದುಕಿಯನ್ನು ಅವ್ವಾ ಎಂದೂ ಕರೆಯುತ್ತಿದ್ದಳು. ಯಾರೂ ಅವಳನ್ನು ತಿದ್ದುತ್ತಿರಲಿಲ್ಲ.

ಕಚೇರಿಗೆ ಬಂದು ಬರೆದೆ. ಮೊದಲ ಸಾಲು ಓದುವವನ ಬೆರಳನ್ನು ಪರದೆಯ ಮೇಲೆ ನಿಲ್ಲಿಸಬೇಕು ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಬರೆದೆ: 'ಮೂರು ಹಿಡಿ ತೌಡಿಗೆ ಅವಳು ತನ್ನ ಮಗಳನ್ನು ಮಾರಿದಳು.' ಬರೆದು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತದ್ದು ನೆನಪಿದೆ. ಅಂಥ ಸಾಲು ಕೈಗೆ ಬಂದಾಗ ಆಗುವ ಸಂತೋಷ ಅದರಲ್ಲಿರುವ ಜನರಿಗೆ ಸಂಬಂಧಪಟ್ಟದ್ದಾಗಿರುವುದಿಲ್ಲ.

ಮಾರುವುದೆಂದರೆ ಇಲ್ಲಿ ಏನೆಂದು ಕೆಳಗೆ ವಿವರಿಸಿದೆನೆ? ಮೂರನೆಯ ಪ್ಯಾರಾದಲ್ಲಿ ಎರಡು ವಾಕ್ಯ ಬರೆದಿದ್ದೆ ಎಂದು ಬಹಳ ದಿನ ನಂಬಿದ್ದೆ. ಮೊರ, ತಿಪ್ಪೆ, ತೌಡು, ಎಲ್ಲ ಕಣ್ಣಿಗೆ ಕಟ್ಟುತ್ತವೆ. ಆದರೆ ಅವು ಕಣ್ಣಿಗೆ ಕಟ್ಟುವುದು ನಾನು ಬರೆದದ್ದರಿಂದಲೋ, ಬರೆಯಬೇಕಿತ್ತೆಂದು ಆಮೇಲೆ ನೂರು ಸಲ ಅಂದುಕೊಂಡದ್ದರಿಂದಲೋ? ಧ್ವನಿಮುದ್ರಣಗಳನ್ನು ಮೂರು ತಿಂಗಳಿಗೆ ಅಳಿಸಬೇಕೆಂಬ ನಿಯಮವಿತ್ತು, ಅಳಿಸಿದ್ದೆ. ಕೆಲಸ ಬಿಟ್ಟಾಗ ಸಂಸ್ಥೆಯ ಮೇಲ್ ಖಾತೆಯೂ ಮುಚ್ಚಿತು. ನನ್ನ ಬಳಿ ಉಳಿದಿರುವುದು ಫೋನಿಗಾಗಿ ಚಿಕ್ಕದು ಮಾಡಿದ ಇಂಗ್ಲಿಷ್ ಪ್ರತಿ. ಅದರಲ್ಲಿ ಎರಡೇ ಪ್ಯಾರಾ. ಮೂರನೆಯದನ್ನು ಕತ್ತರಿಸಿದರೋ, ಅದು ಇರಲೇ ಇಲ್ಲವೋ ಇನ್ನು ಗೊತ್ತಾಗುವ ದಾರಿಯಿಲ್ಲ.

ಕಥೆ ಎಲ್ಲೆಲ್ಲೋ ಹೋಯಿತು. ಒಂದು ದೇಶದ ಶಾಲಾ ಮಕ್ಕಳು ತೌಡಿನ ಚಿತ್ರ ಬರೆದು ಕಳಿಸಿದರು. ತೌಡು ನೋಡಿಲ್ಲದ ಮಕ್ಕಳು ಬರೆದ ತೌಡು, ಹಿಮದ ಹಾಗಿತ್ತು. ಇನ್ನೊಂದು ದೇಶದ ಓದುಗರೊಬ್ಬರು ಕೇಳಿದರು: ಕೊಂಡವರ ಮೇಲೆ ಯಾವ ಕ್ರಮ ಕೈಗೊಂಡಿರಿ?

ಬೆಂಗಳೂರಿನಿಂದ ಫೋನ್ ಬಂತು. ಮಗುವಿನ ಮಾರಾಟದ ಸುಳಿವು ಸಿಕ್ಕರೆ ಸಂಬಂಧಪಟ್ಟವರಿಗೆ ತಿಳಿಸಲೇಬೇಕೆಂಬುದು ನಿಯಮ, ತಿಳಿಸಿದ್ದೇವೆ ಎಂದರು. ಅದು ಬರೀ ಶಾಸ್ತ್ರ, ಮಗು ತಾಯಿಯ ಹತ್ತಿರವೇ ಇದೆ ಎಂದು ನಾನು ಹೇಳಿದೆ. "ಹಾಗಂತ ಕಥೆಯಲ್ಲಿ ಇಲ್ವಲ್ಲ," ಎಂದಿತು ಆ ಕಡೆಯ ಧ್ವನಿ. ಒಂದು ವಾರದೊಳಗೆ ಮಕ್ಕಳ ರಕ್ಷಣೆಯವರ ಜೀಪು ಊರಿಗೆ ಹೋಗಿ ಬಂತು. ಗುರುವಾರ ಮಗುವಿನೊಂದಿಗೆ ಜಿಲ್ಲಾ ಕೇಂದ್ರಕ್ಕೆ ಬಂದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೇಳಿಕೆ ಕೊಡಬೇಕು, ತೃಪ್ತಿಯಾಗದಿದ್ದರೆ ವಿಚಾರಣೆ ಮುಗಿಯುವವರೆಗೆ ಮಗುವನ್ನು ಮಕ್ಕಳ ಮನೆಯಲ್ಲಿ ಇರಿಸಿಕೊಳ್ಳಬೇಕಾಗುತ್ತದೆ ಎಂದು ಹೇಳಿ ಹೋಗಿದ್ದರು.

ನಾನು ಹೋಗಿ ಕಥೆಯನ್ನು ಅವಳಿಗೆ ಓದಿ ಹೇಳಿದೆ. ಇಂಗ್ಲಿಷ್ ಪ್ರತಿ ಕೈಯಲ್ಲಿ, ಕನ್ನಡ ಬಾಯಲ್ಲಿ. ಬೈಯುತ್ತಾಳೆಂದು ಕಾದೆ.

"ಸುಳ್ಳೇನೂ ಬರ್ದಿಲ್ಲ ಬಿಡಿ ಸಾರ್," ಎಂದಳು. "ಅರ್ಧ ಬರ್ದೀರಿ."

ಮುದುಕಿ ಮಾತ್ರ ಬಿಡಲಿಲ್ಲ. "ಓದಿದೋನು ಅಂತೀಯ. ತೌಡು ಕೊಟ್ಟೋಳ ಹೆಸರೇ ಹಾಕಿಲ್ವಲ್ಲೋ!"

ಗುರುವಾರ ಬೆಳಿಗ್ಗೆ ನಾಲ್ವರೂ ಬಸ್ಸಿನಲ್ಲಿ ಹೊರಟೆವು. ಅವಳ ಗಂಡ ರಾಂಪುರದ ಕಡೆ ಕೆಲಸದ ಮೇಲಿದ್ದ, ಬರಲಾಗಲಿಲ್ಲ. ಹುಡುಗಿ ಕಿಟಕಿಯ ಪಕ್ಕ ಮುದುಕಿಯ ತೊಡೆಯ ಮೇಲಿದ್ದಳು. ಆ ಪ್ರಯಾಣ ನನಗೆ ಕನಸಿನಲ್ಲಿ ಕಂಡದ್ದರಂತೆ ಉಳಿದಿದೆ. ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸದ್ದಿಲ್ಲದೆ ತಿರುಗುತ್ತಿದ್ದವು. ಬಸ್ಸು ಮುಂದೆ ಹೋಗುತ್ತಿದ್ದರೂ ಅವು ನಮ್ಮ ಜೊತೆಯಲ್ಲೇ ಬರುತ್ತಿದ್ದವು.

"ಅವ್ವಾ, ಅಷ್ಟು ದೊಡ್ಡ ಫ್ಯಾನು ಯಾರಿಗೆ?" ಎಂದಳು ಹುಡುಗಿ.

"ಗುಡ್ಡಕ್ಕೆ. ಅದಕ್ಕೂ ಸೆಕೆ ಆಗಲ್ವಾ?"

ನಾನು ಅವಳ ಕಡೆ, ಹೆತ್ತವಳ ಕಡೆ, ತಿರುಗಿ ಕೂತು ತಾಲೀಮು ಕೊಡಲು ಶುರುಮಾಡಿದೆ. ಒಂದೇ ವಾಕ್ಯ ಸಾಕಿತ್ತು. "ಇವಳು ನನ್ನ ಮಗಳು, ಮಾರಿದ್ದು ಬರೀ ಶಾಸ್ತ್ರಕ್ಕೆ ಅನ್ನಿ. ಮುಗಿಯಿತು."

"ಅದೊಂದ್ ಬಿಟ್ಟು ಏನಾರ ಹೇಳ್ತೀನಿ ಸಾರ್."

"ಅದೇ ಬೇಕಾಗಿರೋದು."

"ನನ್ನ ಮಗಳು ಅಂತ ನಾನು ಇದುವರೆಗೂ ಬಾಯಿಬಿಟ್ಟು ಅಂದಿಲ್ಲ." ಅವಳ ದನಿ ಬಸ್ಸಿನ ಸದ್ದಿಗಿಂತ ಸಣ್ಣದಾಗಿತ್ತು. "ಮೊದಲಿನ ಎರಡಕ್ಕೂ ನಂದು, ನಂದು ಅಂತ ಊರೆಲ್ಲಾ ಹೇಳ್ಕಂಡು ತಿರುಗಿದ್ದೆ."

"ಅದಕ್ಕೂ ಇದಕ್ಕೂ ಏನು ಸಂಬಂಧ? ನರ್ಸ್ ಇದ್ದಿದ್ರೆ ಆ ಮಕ್ಕಳು ಉಳೀತಿದ್ವು. ಇದು ಮೂಢನಂಬಿಕೆ."

"ಹೌದು ಸಾರ್," ಎಂದಳು. "ಹುಡುಗಿ ಬದುಕೈತೆ."

  ಮಗುವನ್ನು ಸಮಿತಿಯಿಂದ ಉಳಿಸಿಕೊಳ್ಳಲು ಯಾವ ಮಾತು ಬೇಕೋ, ಅವಳ ಲೆಕ್ಕದಲ್ಲಿ ಅದೇ ಮಾತು ಮಗುವನ್ನು ಕಳೆಯುವಂಥದ್ದು. ಚಳ್ಳಕೆರೆ ನಿಲ್ದಾಣದಲ್ಲಿ ಬಸ್ಸು ಬದಲಿಸುವಾಗ ಹುಡುಗಿಗೆ ಮಂಡಕ್ಕಿ ಕೊಡಿಸಿದೆ. 

ಸಮಿತಿಯಲ್ಲಿ ಮೂವರಿದ್ದರು. ನಡುವಿನ ಕುರ್ಚಿಯಲ್ಲಿದ್ದ ಅಧ್ಯಕ್ಷೆ ಐವತ್ತು ದಾಟಿದ ಹೆಂಗಸು, ನೆಗಡಿಯಾಗಿ ಫ್ಲಾಸ್ಕಿನಿಂದ ಬಿಸಿನೀರು ಗುಟುಕರಿಸುತ್ತಿದ್ದರು. ನಾನು ಎದ್ದು ನಿಂತು, ಇದೊಂದು ಜನಪದ ಆಚರಣೆ ಎಂದು ಶುರುಮಾಡಿದೆ.

"ನೀವೇನಾ ಬರೆದೋರು?"

"ಹೌದು ಮೇಡಂ."

"ಹಾಗಾದ್ರೆ ಕೂತ್ಕೊಳ್ಳಿ. ಇದನ್ನ ಬರೆಯುವಾಗ ಹೇಳಬೇಕಿತ್ತು."

ಕೂತೆ. ಅವರು ಅವಳ ಕಡೆ ತಿರುಗಿದರು. "ಮಗುನ ಮಾರಿದ್ದು ನಿಜವೇನಮ್ಮಾ?"

"ನಿಜ ಮೇಡಂ."

ಬಲಗಡೆಯ ಸದಸ್ಯರು ಪೆನ್ನು ತೆಗೆದುಕೊಂಡರು.

"ಯಾರಿಗೆ?"

"ನನಗೇ ಕಣಮ್ಮಾ," ಎಂದು ಮುದುಕಿ ಮುಂದೆ ಬಂದಳು. "ತೌಡು ಕೊಟ್ಟೀನಿ. ನಮ್ಮನೆ ಸಜ್ಜೆ ತೌಡು, ಮೂರು ಹಿಡಿ, ತುಂಬಿ ತುಂಬಿ. ನನಗೆ ವಯಸ್ಸಾಗೈತೆ, ಮೊಲೆಯಾಗೆ ಹಾಲಿಲ್ಲ, ಅದಕ್ಕೆ ಇವಳ ಹತ್ರ ಸಾಕಾಕೆ ಬಿಟ್ಟೀನಿ. ತಪ್ಪಾ?"

ಯಾರೋ ಕೆಮ್ಮಿದರು, ಅಥವಾ ನಗು ತಡೆದರು. ಅಧ್ಯಕ್ಷೆ ನಗಲಿಲ್ಲ. "ಈ ಹುಡುಗಿಯನ್ನು ಹೆತ್ತವರು ಯಾರು?" ಎಂದು ಮುದುಕಿಯನ್ನು ಬಿಟ್ಟು ಅವಳನ್ನೇ ಕೇಳಿದರು. ಅವಳು ನೆಲ ನೋಡಿದಳು. "ನಿಮ್ಮ ಮಗಳು ಹೌದೋ ಅಲ್ಲವೋ? ಅಷ್ಟು ಹೇಳಿ. ನೀವು ಹೇಳದಿದ್ದರೆ ನಾನು ಏನು ಅಂತ ಬರೆಯಲಿ?"

ಹುಡುಗಿ ಅವಳ ಸೀರೆಯ ನೆರಿಗೆ ಹಿಡಿದು ನಿಂತಿದ್ದಳು. ಅವಳು ಬಾಯಿ ತೆರೆದಳು. ಹುಡುಗಿಯ ತಲೆ ನೋಡಿದಳು. ಮತ್ತೆ ಬಾಯಿ ಮುಚ್ಚಿದಳು.  

ಅಧ್ಯಕ್ಷೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. "ಎಲ್ಲರೂ ಹೊರಗೆ ಹೋಗಿ. ಇವರೊಬ್ಬರು ಇರಲಿ. ಬಾಗಿಲು ಹಾಕಿಕೊಳ್ಳಿ."

"ಕೊಂಡೋಳು ನಾನು, ನಾನ್ಯಾಕೆ ಹೊರಗೆ?" ಎಂದು ಮುದುಕಿ ಜಗಳಕ್ಕೆ ನಿಂತಳು.

"ನೀವು ಮಗುನ ನೋಡ್ಕೊಳ್ಳಿ ಅಜ್ಜಿ. ನಿಮ್ಮದೇ ತಾನೇ?"

ಆ ಮಾತಿಗೆ ಮುದುಕಿ ಹುಡುಗಿಯ ಕೈ ಹಿಡಿದು ಹೊರಟಳು. ಪಡಸಾಲೆಯಲ್ಲಿ ಒಂದು ಬೆಂಚಿತ್ತು. ಮುದುಕಿ ಕೂತು, ಹುಡುಗಿಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಎರಡು ಅಂಗೈಗಳಿಂದ ಅವಳ ಕಿವಿಗಳನ್ನು ಬಿಗಿಯಾಗಿ ಮುಚ್ಚಿದಳು. ಬಾಗಿಲು ಹಾಕಿತ್ತು, ಒಳಗಿನ ಒಂದು ಅಕ್ಷರವೂ ಹೊರಗೆ ಬರುವಂತಿರಲಿಲ್ಲ. ಹುಡುಗಿ ಅದನ್ನು ಆಟವೆಂದುಕೊಂಡು ಕಿಲಕಿಲ ನಕ್ಕಳು. ತಾನೂ ಕೈ ಚಾಚಿ ಮುದುಕಿಯ ಕಿವಿಗಳನ್ನು ಮುಚ್ಚಿದಳು. ಹಾಗೆಯೇ ನಿಂತಿದ್ದರು ಇಬ್ಬರೂ, ಒಬ್ಬರ ಕಿವಿ ಒಬ್ಬರ ಕೈಯಲ್ಲಿ. ನನ್ನ ಕಿವಿಗಳು ತೆರೆದಿದ್ದವು. ನನಗೆ ಕೇಳಿಸಿದ್ದು ಮೇಲಿನ ಫ್ಯಾನಿನ ಸದ್ದು.

ಎರಡು ನಿಮಿಷವೋ ಹತ್ತು ನಿಮಿಷವೋ ಆದ ಮೇಲೆ ಬಾಗಿಲು ತೆರೆಯಿತು. ಮಗು ತಾಯಿಯ ಬಳಿಯೇ ಇರಲಿ, ಆಗಾಗ ಅಂಗನವಾಡಿಯಿಂದ ವರದಿ ಬರಲಿ ಎಂದು ಆದೇಶವಾಯಿತು. ಅವಳು ಹೊರಗೆ ಬಂದು ಹುಡುಗಿಯ ಕೈ ಹಿಡಿಯಲಿಲ್ಲ. ಮುದುಕಿಯ ಕೈ ಹಿಡಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಮೂವರೂ ನಿದ್ದೆ ಮಾಡಿದರು.

ಒಳಗೆ ಏನು ಹೇಳಿದಳೆಂದು ನಾನು ಕೇಳಲಿಲ್ಲ. ಕೇಳುವುದೇ ನನ್ನ ಕೆಲಸವಾಗಿತ್ತು, ಆದರೂ ಕೇಳಲಿಲ್ಲ. ಆ ಮಾತು ಆಡಿದ್ದರೆ ವ್ಯಾಪಾರ ಮುರಿಯಿತು. ಆಡದೆಯೇ ಅಧ್ಯಕ್ಷೆಗೆ ಅರ್ಥ ಮಾಡಿಸಿದ್ದರೆ, ಹೇಗೆ? ಮುಂದಿನ ತಿಂಗಳು ಹುಡುಗಿಗೆ ಜ್ವರ ಬಂತೆಂದು ಸುದ್ದಿ ಬಂತು. ಇಂಥದ್ದನ್ನೆಲ್ಲ ನಂಬದ ನಾನು ಮೂರು ದಿನ ಆ ಕಡೆಯಿಂದ ಬರುವ ಬಸ್ಸುಗಳಿಗೆ ನಿಲ್ದಾಣದಲ್ಲಿ ಕಾದು, ಗುರುತಿನವರನ್ನು ಹಿಡಿದು ವಿಚಾರಿಸಿದೆ. ನಾಲ್ಕನೆಯ ದಿನ, "ಏನಾಗೈತೆ ಅದಕ್ಕೆ, ಬೀದಿಯಾಗೆ ಕುಣೀತೈತೆ," ಎಂದು ಒಬ್ಬರು ಅಂದರು. ಆಗ ಕಚೇರಿಗೆ ವಾಪಸ್ ಹೋದೆ.

ಆಮೇಲೆ ಆ ಕೆಲಸವನ್ನೂ ಬಿಟ್ಟೆ. ಬಿಡುವ ಮೊದಲು ಕಥೆಯನ್ನು ಮತ್ತೆ ಬರೆದುಕೊಟ್ಟೆ, ಈ ಸಲ ಪೂರ್ತಿ: ಎರಡು ಕೂಸುಗಳು ಹೋದದ್ದು, ಖಾಲಿ ಕ್ವಾರ್ಟರ್ಸು, ಮೊರ, ಮುದುಕಿ. ಅಷ್ಟು ಉದ್ದದ್ದನ್ನು ಯಾರೂ ಫೋನಿನಲ್ಲಿ ಓದುವುದಿಲ್ಲ ಎಂದರು. ಅದನ್ನು ಅವರು ಎಲ್ಲಿಗಾದರೂ ಕಳಿಸಿದರೋ ಗೊತ್ತಿಲ್ಲ. ಊರಿಗೆ ಈಗ ವಾರದಲ್ಲಿ ಮೂರು ದಿನ ನರ್ಸು ಬರುತ್ತಾಳಂತೆ. ಹೆಂಗಸರ ಅರ್ಜಿಯಿಂದಲೋ, ಯಾವುದೋ ದೇಶದ ಯಾರದೋ ಪತ್ರದಿಂದಲೋ, ಸುಮ್ಮನೆ ಒಂದು ವರ್ಗಾವಣೆಯಿಂದಲೋ ನಾನು ಹೇಳಲಾರೆ.

ಎರಡು ವರ್ಷದ ನಂತರ ಬೇರೆ ಕೆಲಸಕ್ಕೆ ಮೊಳಕಾಲ್ಮುರಿಗೆ ಹೋಗುವಾಗ ಬಿ.ಜಿ. ಕೆರೆಯಲ್ಲಿ ಚಹಾ ಕುಡಿಯುತ್ತಾ ಒಂದು ಮಾತು ಕೇಳಿದೆ. ಹುಡುಗಿಯನ್ನು ಒಂದನೇ ತರಗತಿಗೆ ಸೇರಿಸುವ ದಿನ ಶಾಲೆಯಲ್ಲಿ ದೊಡ್ಡ ಗಲಾಟೆಯಾಯಿತಂತೆ, ಹೆತ್ತವಳು ರುಜು ಹಾಕಲು ಒಪ್ಪಲಿಲ್ಲವಂತೆ, ಮುದುಕಿ ಮೇಷ್ಟರ ಜೊತೆ ಜಗಳಾಡಿದಳಂತೆ. ಚಹಾದಂಗಡಿಯ ಮಾತು, ನಾನು ನಂಬಲಿಲ್ಲ. ಆದರೂ ಬಸ್ಸಿಗೆ ಕಾಯದೆ ಆಟೊ ಹಿಡಿದು ಒಳಕ್ಕೆ ಹೋದೆ. ಹುಣಸೆ ಮರವನ್ನು ನೋಡಿದ್ದು ಆವತ್ತೇ. ಮೇಷ್ಟರು ಹಳೆಯ ಪರಿಚಯ. ನನ್ನನ್ನು ಕೂರಿಸಿ, "ಏನ್ ಮಾಡೋದ್ರೀ, ಆ ಅಜ್ಜಿ ಪುಸ್ತಕ ಹಿಡ್ಕಂಡು ಬಿಡಲೇ ಇಲ್ಲ," ಎನ್ನುತ್ತಾ ದಾಖಲಾತಿ ಪುಸ್ತಕ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟರು. ತಂದೆ ತಾಯಿಯ ಹೆಸರುಗಳು ಜನನ ಪ್ರಮಾಣಪತ್ರದಲ್ಲಿ ಇದ್ದ ಹಾಗೆ ಇದ್ದವು. ಪೋಷಕರು ಎಂಬ ಅಂಕಣದಲ್ಲಿ ಇದ್ದದ್ದು ಮುದುಕಿಯ ಹೆಸರು, ಅದರ ಪಕ್ಕ ಅವಳ ಹೆಬ್ಬೆಟ್ಟು.